ಮೂಲೆಯಲ್ಲಿದ್ದ ಏಳು ಕೆಂಪು ಗೊಂಬೆಗಳು

ನನ್ನ ಮಾವ ಚನ್ನಮಲ್ಲಪ್ಪನವರು ಬಿಪಿ ಮಾತ್ರೆ ಬಿಟ್ಟದ್ದು ನನ್ನಿಂದ. ಇದನ್ನು ನಾನೇ ಮೊದಲು ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ನಮ್ಮತ್ತೆ ಗುರುಸಿದ್ದಮ್ಮ ಶನಿವಾರಸಂತೆಯ ಸಂತೆಯಲ್ಲಿ ತರಕಾರಿ ಚೀಲ ಕಂಕುಳಲ್ಲಿಟ್ಟುಕೊಂಡು ನಿಮ್ಮನ್ನು ಹಿಡಿದು ನಿಲ್ಲಿಸಿ ಹೇಳಿಯೇ ಹೇಳುತ್ತಿದ್ದರು. ಅರ್ಧ ಊರಿಗೆ ಅವರು ಹೇಳಿದ್ದರು, ಉಳಿದರ್ಧಕ್ಕೆ ಅವರ ಗಂಟಲಿನ ದಯೆಯಿಂದ ತಾನಾಗಿಯೇ ಕೇಳಿಸಿತ್ತು.

ನನ್ನ ಹೆಸರು ಕುಸುಮಾ. ಮೊದಲು ಪಿಯು ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುತ್ತಿದ್ದೆ, ಈಗ ಮನೆಯಲ್ಲೇ ಕೂತು ಒಂದು ಜಾಲತಾಣಕ್ಕೆ ಬರೆಯುತ್ತೇನೆ. ದೊಡ್ಡ ದೊಡ್ಡ ಡಾಕ್ಟರುಗಳು ಸಾವಿರಾರು ರೋಗಿಗಳನ್ನು ವರ್ಷಗಟ್ಟಲೆ ನೋಡಿ, ಅಳೆದು, ಕೊನೆಗೆ ತಮಗೆ ಮಾತ್ರ ತಿಳಿಯುವ ಭಾಷೆಯಲ್ಲಿ ಸಂಶೋಧನೆ ಬರೆದಿಟ್ಟಿರುತ್ತಾರಲ್ಲ, ಅದನ್ನು ರೋಗಿಗೆ ತಿಳಿಯುವ ಕನ್ನಡಕ್ಕೆ ತರುವುದು ನನ್ನ ಕೆಲಸ. ಈ ಔಷಧಿ ತೆಗೆದುಕೊಂಡರೆ ಎಷ್ಟು ಜನಕ್ಕೆ ಒಳ್ಳೆಯದಾಗುತ್ತದೆ, ಎಷ್ಟು ಜನಕ್ಕೆ ಏನೂ ಆಗುವುದಿಲ್ಲ, ಎಷ್ಟು ಜನಕ್ಕೆ ಹೊಟ್ಟೆ ಕೆಡುತ್ತದೆ, ಇಷ್ಟನ್ನು ಸುಳ್ಳು ಬೆರೆಸದೆ ಹೇಳಬೇಕು. ಕೇಳುವುದಕ್ಕೆ ಸುಲಭ, ಮಾಡಲು ಕೂತರೆ ತಲೆ ಚಿಟ್ಟು ಹಿಡಿಯುತ್ತದೆ.

ಮೈಸೂರಿನಲ್ಲಿ ಕೂತು ನಮ್ಮನ್ನೆಲ್ಲ ಆಳುವ ಅನುಶ್ರೀ ಎಂಬಾಕೆಗೆ ಮೂರು ಕಾನೂನುಗಳಿವೆ. ಶೇಕಡಾವಾರು ಹೇಳಿ ಜನರನ್ನು ಮಂಗ ಮಾಡಬಾರದು, ನೂರು ಜನರಲ್ಲಿ ಎಷ್ಟು ಜನ ಎಂದು ಹೇಳಬೇಕು. ಜೊತೆಗೊಂದು ಚಿತ್ರ ಹಾಕಬೇಕು. ಜಾಲತಾಣಕ್ಕೆ ಏರಿಸುವ ಮೊದಲು ಮೂರು ಮಂದಿ ಸಾಮಾನ್ಯರಿಗೆ ಓದಲು ಕೊಟ್ಟು, ಅವರ ಮಾತಿನಲ್ಲೇ ವಾಪಸು ಹೇಳಿಸಬೇಕು. ‘ಅರ್ಥವಾಯಿತಾ’ ಎಂದು ಮಾತ್ರ ಕೇಳಕೂಡದು, ಏಕೆಂದರೆ ಹಾಗೆ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ನನ್ನ ಗಂಡ ಕೀರ್ತಿಕುಮಾರ್ ಹದಿನೆಂಟು ವರ್ಷದಿಂದ ಹೂಂ ಅನ್ನುತ್ತಲೇ ಇದ್ದಾರೆ, ಒಂದು ಮಾತಾದರೂ ಒಳಗೆ ಇಳಿದ ಗುರುತಿಲ್ಲ.

ಮಾರ್ಚಿನಲ್ಲಿ ಬಿಪಿ ಮಾತ್ರೆಯ ಪುಟ ಬರೆದೆ. ಬಿಪಿ ಜಾಸ್ತಿಯಿರುವ ನೂರು ಜನ ವಯಸ್ಸಾದವರು ಐದು ವರ್ಷ ಮಾತ್ರೆ ತೆಗೆದುಕೊಳ್ಳದೆ ಇದ್ದರೆ ಸುಮಾರು ಏಳು ಮಂದಿಗೆ ಪಾರ್ಶ್ವವಾಯು ಹೊಡೆಯುತ್ತದೆ, ತೆಗೆದುಕೊಂಡರೆ ನಾಲ್ಕು ಮಂದಿಗೆ. ಅಂದರೆ ಮೂವರು ಬಚಾವು. ಅಂಕಿಗಳನ್ನು ಕಥೆಗೆಂದು ದುಂಡಗೆ ಮಾಡಿ ಹೇಳುತ್ತಿದ್ದೇನೆ, ಇದನ್ನು ಓದಿ ನೀವೂ ಮಾತ್ರೆ ಬಿಟ್ಟುಬಿಡಬೇಡಿ, ನನಗೆ ಒಬ್ಬರೇ ಸಾಕಾಗಿದ್ದಾರೆ. ಚಿತ್ರದಲ್ಲಿ ಎರಡು ಚೌಕ ಮಾಡಿ, ಒಂದೊಂದರಲ್ಲೂ ಹತ್ತು ಸಾಲು, ಸಾಲಿಗೆ ಹತ್ತು ಪುಟ್ಟ ಗೊಂಬೆ ನಿಲ್ಲಿಸಿದೆ. ಎಡಗಡೆ ಮಾತ್ರೆಯಿಲ್ಲದ ನೂರು, ಅದರಲ್ಲಿ ಏಳು ಕೆಂಪು. ಬಲಗಡೆ ಮಾತ್ರೆ ನುಂಗುವ ನೂರು, ಅದರಲ್ಲಿ ನಾಲ್ಕು ಕೆಂಪು. ಕೆಂಪು ಗೊಂಬೆಗಳನ್ನೆಲ್ಲ ಒಂದೇ ಕಡೆ ಸೇರಿಸಿದರೆ ಕಣ್ಣಿಗೆ ಬೇಗ ಬೀಳುತ್ತದೆ ಎಂದು ಅನುಶ್ರೀ ಹೇಳಿದ್ದಳು. ಹಾಗೆಯೇ ಮೇಲಿನ ಎಡ ಮೂಲೆಯಲ್ಲಿ ಗುಂಪು ಕಟ್ಟಿ ನಿಲ್ಲಿಸಿದೆ.

ಮೊದಲು ಓದಿದ್ದು ನಮ್ಮ ತೋಟದ ಕೆಲಸಕ್ಕೆ ಬರುವ ಚೋಮಿ. ಏಳನೆಯ ಕ್ಲಾಸು ಓದಿದ ಹೆಂಗಸು, ಬಲು ಚುರುಕು. “ಈ ನೂರು ಜನ ಯಾರಕ್ಕ? ನಮ್ಮ ಲೈನ್ ಮನೆಯೋರಾ?” ಎಂದು ಕೇಳಿ, ಅಲ್ಲ ಎಂದ ಮೇಲೆ ನೆಮ್ಮದಿಯಾಗಿ ಎಲ್ಲ ಸರಿಯಾಗಿ ಹೇಳಿದಳು. ಅತ್ತೆ ಕನ್ನಡಕ ಸಿಗುತ್ತಿಲ್ಲ ಎಂದು ನನ್ನಿಂದಲೇ ಓದಿಸಿಕೊಂಡು, ನಾನು ಬರೆಯದ ನಾಲ್ಕು ಸುದ್ದಿ ಸೇರಿಸಿ ವಾಪಸು ಹೇಳಿದರು. ಮೂರನೆಯವರು ಮಾವ.

ಮಾವನಿಗೆ ಅರವತ್ತೊಂಬತ್ತು. ಆರು ವರ್ಷದಿಂದ ಬಿಪಿ ಮಾತ್ರೆ. ಆ ದಿನ ತೋಟದಲ್ಲಿ ಬೋರರ್ ಹಿಡಿದ ಕಾಫಿ ಗಿಡ ಹುಡುಕಿ ಗುರುತು ಮಾಡಿ ಬಂದಿದ್ದರು. ಬೋರರ್ ಎಂದರೆ ಅರೇಬಿಕಾ ಗಿಡದ ಕಾಂಡದೊಳಗೆ ಕೂತು ಕೊರೆಯುವ ಹುಳು. ಹಿಡಿದ ಗಿಡವನ್ನು ಕಿತ್ತು ಸುಡಬೇಕು, ಇಲ್ಲದಿದ್ದರೆ ಪಕ್ಕದ್ದಕ್ಕೂ ಹೋಗುತ್ತದೆ. ಮಾವ ಕೈಕಾಲು ತೊಳೆದು ಬಂದು, ನನ್ನ ಲ್ಯಾಪ್‌ಟಾಪಿನ ಮುಂದೆ ಕೂತು, ಬರಹವನ್ನು ಬಿಟ್ಟು ಬರೀ ಚಿತ್ರವನ್ನೇ ಕಾಲು ಗಂಟೆ ನೋಡಿದರು. “ಬಾಳ ಚೆನ್ನಾಗದೆ ಕುಸುಮಾ. ಎಲ್ಲ ತಿಳೀತು” ಎಂದರು.

ಅಲ್ಲಿ ನಾನು ಕಾನೂನಿನ ಪ್ರಕಾರ ‘ಹಾಗಾದರೆ ಹೇಳಿ ನೋಡೋಣ’ ಅನ್ನಬೇಕಿತ್ತು. ಹೇಗನ್ನಲಿ? ಹಣೆಯ ತುಂಬ ವಿಭೂತಿ ಹಚ್ಚಿದ ಯಜಮಾನರು, ಸೊಸೆಯ ಮುಂದೆ ಕೈಕಟ್ಟಿ ಮಗ್ಗಿ ಒಪ್ಪಿಸುತ್ತಾರೆಯೇ? ಮಠದಿಂದ ಬಂದ ಸ್ವಾಮಿಗಳೇ ಈ ಮನೆಯಲ್ಲಿ ಮಾವನನ್ನು ಎರಡನೆಯ ಸಲ ಕೇಳುವುದಿಲ್ಲ. ಅಷ್ಟರಲ್ಲಿ ಕುಕ್ಕರ್ ಮೂರು ಸಲ ಕೂಗಿತು. ‘ಓದುಗರಿಗೆ ಅರ್ಥವಾಗಿದೆ’ ಎಂಬ ಕಡೆ ಗುರುತು ಹಾಕಿ ಅಡುಗೆ ಮನೆಗೆ ಓಡಿದೆ.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಕಡೆಯಿಂದ ಅತ್ತೆ ಕಿರುಚಿದ್ದು ಕೇಳಿ ಹಾವೆಂದುಕೊಂಡು ಕೋಲು ಹಿಡಿದು ಹೋದೆ. ಅತ್ತೆಯ ಕೈಯಲ್ಲಿ ಮಾವನ ಕಾಕಿ ಕೋಟಿತ್ತು. ಒಳಜೇಬಿನಿಂದ ಬಿಳಿಯ ಹಿಟ್ಟು ಸೋರುತ್ತಿತ್ತು. ದಿನಾ ಲಿಂಗಪೂಜೆ ಆದ ಮೇಲೆ ಅತ್ತೆ ತಾವೇ ಅಂಗೈಗೆ ಹಾಕುವ ಮಾತ್ರೆಗಳು, ಎರಡು ತಿಂಗಳಿನವು, ಅಷ್ಟೂ ಅಲ್ಲಿದ್ದವು. ಮನುಷ್ಯ ಮಾತ್ರೆಯನ್ನು ಬಾಯಿಗೆ ಹಾಕಿದಂತೆ ಮಾಡಿ, ನೀರು ಗಟಗಟ ಕುಡಿದು, ಕೋಟಿನ ಜೇಬಿಗಿಳಿಸುತ್ತಿದ್ದರು.

“ನಿಮ್ಮಣ್ಣನ್ನ ನೋಡಿದ್ದು ಸಾಕಾಗ್ಲಿಲ್ವಾ ನಿಮಗೆ?” ಅತ್ತೆ ಆ ಒದ್ದೆ ಕೋಟನ್ನು ಅಂಗಳಕ್ಕೆ ಎಸೆದರು. “ನಾಲ್ಕು ವರ್ಷ ಅವರ ಬಾಯಿ ಒರೆಸ್ದೆ, ಬೆನ್ನು ತಿರುಗಿಸ್ದೆ. ಈಗ ನಿಮ್ಮದೂ ನಾನೇ ಮಾಡ್ಲಾ?”

ಮಾವನ ಅಣ್ಣ ಕಾಫಿ ಒಣಗಿಸುವ ಕಣದಲ್ಲೇ ಕುಸಿದು, ಒಂದು ಪಕ್ಕ ಬಿದ್ದು, ಮಾತೂ ಹೋಗಿ ನಾಲ್ಕು ವರ್ಷ ಈ ಮನೆಯ ಪಡಸಾಲೆಯ ಮಂಚದ ಮೇಲಿದ್ದು ತೀರಿಕೊಂಡರು. ಮಾತ್ರೆ ಸರಿಯಾಗಿ ತೆಗೆದುಕೊಳ್ಳದೆ ಹಾಗೆ ಮಾಡಿಕೊಂಡರು ಎಂದು ಊರಲ್ಲೆಲ್ಲ ಮಾತು. ಅತ್ತೆಗೆ ಪಾರ್ಶ್ವವಾಯು ಎಂದರೆ ಪುಸ್ತಕದ ರೋಗವಲ್ಲ, ಆ ಮಂಚ.

ಮಾವ ಮಾತ್ರ ತಣ್ಣಗೆ, “ಕುಸುಮಾನೇ ಬರ್ದವ್ಳೆ. ನನಗೆ ಬೇಕಾಗಿಲ್ಲ ಅಂತ” ಎಂದರು. ಅತ್ತೆ ನನ್ನ ಕಡೆ ತಿರುಗಿದರು. ಆಮೇಲೆ ಅವರು ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ.

ಎಳೆದುಕೊಂಡು ಹೋಗಿ ಆರೋಗ್ಯ ಉಪಕೇಂದ್ರದ ಸಿಸ್ಟರ್ ಬೋಜಮ್ಮನ ಕೈಯಲ್ಲಿ ಬಿಪಿ ನೋಡಿಸಿದೆವು. ನೂರಾ ತೊಂಬತ್ತೆರಡು, ಕೆಳಗಿನದು ನೂರಾ ಎಂಟು. “ಏನ್ ಅಂಕಲ್, ಹೊಟ್ಟೇಲಿ ಪಟಾಕಿ ಇಟ್ಕೊಂಡು ತಿರುಗ್ತಾ ಇದ್ದೀರಾ?” ಎಂದು ಬೋಜಮ್ಮ ಕೈಪಟ್ಟಿ ಬಿಚ್ಚದೆ ಇನ್ನೊಮ್ಮೆ ನೋಡಿದರು. “ನನಗೇನೂ ಆಗ್ತಿಲ್ಲ ಕಣಮ್ಮ” ಎಂದರು ಮಾವ. ಅಲ್ಲಿಂದ ಡಾಕ್ಟರ್ ಶಿವಪ್ರಕಾಶ್ ಹತ್ತಿರ ಹೋದೆವು. ಅವರು ಬುದ್ಧಿ ಹೇಳಿದರು, ಹೆದರಿಸಿದರು, ಚೀಟಿ ಬರೆದುಕೊಟ್ಟರು. ಮಾವ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು. ಜಪ್ಪಯ್ಯ ಅಂದರೂ ಮಾತ್ರೆ ಮುಟ್ಟಲಿಲ್ಲ.

ಸಂಜೆ ಡಾಕ್ಟರ್ ನನಗೇ ಫೋನ್ ಮಾಡಿದರು. “ಏನ್ರೀ ಮೇಡಂ, ನೂರಕ್ಕೆ ಮೂರು ಜನ ಉಳೀತಾರೆ ಅಂತ ಬರೆದ್ರೆ ಯಾವನ್ರೀ ಮಾತ್ರೆ ನುಂಗ್ತಾನೆ? ಏಳು ಇದ್ದದ್ದು ನಾಲ್ಕಾಯ್ತು, ಅಂದ್ರೆ ನಲವತ್ಮೂರು ಪರ್ಸೆಂಟ್ ಕಮ್ಮಿ. ಹಂಗೆ ಬರೀರಿ. ಅದೂ ಸುಳ್ಳಲ್ವಲ್ಲ?”

ಸುಳ್ಳಲ್ಲ ನಿಜ. ಆದರೆ ಅನುಶ್ರೀಯ ಮೊದಲನೆಯ ಕಾನೂನೇ ಅದರ ವಿರುದ್ಧ. ನೂರರ ಲೆಕ್ಕವನ್ನು ಬಚ್ಚಿಟ್ಟು ದೊಡ್ಡ ಸಂಖ್ಯೆ ತೋರಿಸುವುದು ಮೋಸ ಎಂದು ನಾನೇ ಹತ್ತು ಜನ ಹೊಸಬರಿಗೆ ಪಾಠ ಹೇಳಿದ್ದೇನೆ. ಆ ಪಾಠ ಹೇಳಿದ ಬಾಯನ್ನು ಮುಚ್ಚಿಕೊಂಡು, ಮಾವನಿಗೋಸ್ಕರ ಒಂದೇ ಒಂದು ಪ್ರತಿ ತಯಾರು ಮಾಡಿದೆ. ದಪ್ಪ ಅಕ್ಷರದಲ್ಲಿ ‘ಪಾರ್ಶ್ವವಾಯು ಶೇಕಡಾ ನಲವತ್ತಮೂರು ಕಡಿಮೆ’ ಎಂದು ಬರೆದು, ಪ್ರಿಂಟು ಹಾಕಿಸಿ, ಕಾಫಿ ಲೋಟದ ಪಕ್ಕ ಇಟ್ಟೆ. ಅತ್ತೆಯ ಮುಖ ನೋಡಲಾರದೆ ಮಾಡಿದ್ದು. ನಾಚಿಕೆಯೂ ಆಗುತ್ತಿತ್ತು.

ಮಾವ ಓದಿದರು. “ಯಾವುದರಲ್ಲಿ ನಲವತ್ಮೂರು?”

“ಅದು... ಆ ಏಳರಲ್ಲಿ ಮಾವ.”

“ಏಳರಲ್ಲಿ ಮೂರು ಅನ್ನೋಕೆ ಇಷ್ಟು ದೊಡ್ಡ ನಂಬರ್ ಯಾಕಮ್ಮ? ಗೊಬ್ಬರದ ಅಂಗಡಿಯೋನು ಹಿಂಗೇ ಹೇಳೋದು, ಡಬಲ್ ಆಗ್ತದೆ, ತ್ರಿಬಲ್ ಆಗ್ತದೆ ಅಂತ. ಎಷ್ಟು ಇದ್ದದ್ದು ಡಬಲ್ ಆಯ್ತಯ್ಯ ಅಂದ್ರೆ ತಲೆ ಕೆರ್ಕೊಂತಾನೆ.” ಕಾಗದವನ್ನು ನನ್ನ ಕಡೆ ತಳ್ಳಿದರು. “ಮೊದಲು ಬರ್ದಿದ್ಯಲ್ಲ, ಅದೇ ಸರಿಯಾಗಿತ್ತು. ರೋಗ ಎಲ್ಲಿ ಅದೆ ಅನ್ನೋದನ್ನೂ ತೋರಿಸಿದ್ದೆ.”

“ಎಲ್ಲಿದೆ ಅಂತ ನಾನೆಲ್ಲಿ ತೋರಿಸಿದೆ?”

“ಬಾ ಇಲ್ಲಿ.”

ನಮ್ಮ ಪಡಸಾಲೆಯ ಗೋಡೆಯಲ್ಲಿ ಮಾವ ಕೈಯಾರೆ ಬರೆದ ತೋಟದ ನಕ್ಷೆ ತೂಗುಹಾಕಿದೆ. ಒಂದೊಂದು ಅರೇಬಿಕಾ ಗಿಡಕ್ಕೂ ಒಂದೊಂದು ಚುಕ್ಕಿ, ಸಾಲು ಸಾಲಾಗಿ. ಬೋರರ್ ಹಿಡಿದದ್ದಕ್ಕೆ ಕೆಂಪು ಪೆನ್ಸಿಲ್. ಮಾವ ನನ್ನ ಮೊಬೈಲಿನಲ್ಲಿ ಆ ಗೊಂಬೆಗಳ ಚಿತ್ರ ತೆರೆಸಿ, ನಕ್ಷೆಯ ಪಕ್ಕ ಹಿಡಿದರು.

“ನೋಡು, ಮೇಲ್ಗಡೆ ಮೂಲೇಲಿ ಏಳು ಹಿಡಿದದೆ. ಮಾತ್ರೆ ಹಾಕಿದ್ರೆ ಆ ಮೂಲೇಲೇ ಮೂರು ಚೇತರಿಸ್ಕೊಂಡವೆ. ಉಳಿದ ಸಾಲೆಲ್ಲ ಶುದ್ಧವಾಗೇ ಅದೆ. ನನಗೆ ತಲೆನೋವಿಲ್ಲ, ತಲೆ ಸುತ್ತಿಲ್ಲ, ಗುಡ್ಡ ಹತ್ತಿ ಇಳೀತೀನಿ. ನಾನು ಈ ಕೆಳಗಡೆ ಸಾಲು. ಶುದ್ಧವಾಗಿರೋ ಗಿಡಕ್ಕೆ ಯಾವನಾದ್ರೂ ಔಷಧಿ ಬಳೀತಾನಾ?”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಐವತ್ತು ವರ್ಷ ತೋಟ ನೋಡಿದ ಕಣ್ಣು ಆ ಚಿತ್ರವನ್ನು ಇನ್ನು ಹೇಗೆ ನೋಡಬೇಕಿತ್ತು? ಆದರೂ ಸಿಟ್ಟು ಬಂತು. “ಮಾವ, ಅದು ನಕ್ಷೆ ಅಲ್ಲ! ಬರೀ ಎಣಿಕೆ!”

“ಎಣಿಕೆ ಆದ್ರೆ ಏಳು ಅಂತ ಬರಿ. ಚಿತ್ರ ಬರ್ದ ಮೇಲೆ ಜಾಗ ಅಂತ ಇರ್ತದೆ.” ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು ಎದ್ದು ಹೋದರು. ಹಾಳಾದ್ದು, ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಮಾರನೆಯ ಬೆಳಿಗ್ಗೆ ಮೆಣಸಿನ ಬಳ್ಳಿಗೆ ಬೋರ್ಡೋ ಹೊಡೆಯುವ ಕೆಲಸ. ಮಳೆ ಹಿಡಿಯುವ ಮೊದಲು ಮೈಲುತುತ್ತ, ಸುಣ್ಣ ಬೆರೆಸಿ ಹೊಡೆಯದಿದ್ದರೆ ಸೊರಗು ರೋಗ ಬಂದು ಬಳ್ಳಿ ವಾರದೊಳಗೆ ಬಾಡಿ ನೇತಾಡುತ್ತದೆ. ಕೆಲಸದ ಸುಬ್ಬ ಡ್ರಮ್ಮಿನಲ್ಲಿ ನೀಲಿ ನೀರು ಕಲಕುತ್ತಿದ್ದ. ಮಾವ ಕತ್ತಿಯ ಅಲಗನ್ನು ಅದ್ದಿ ತೆಗೆದು, ತುತ್ತ ಹೆಚ್ಚಾಗಿ ಕೆಂಪು ಕೂರುತ್ತದೆಯೇ ಎಂದು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಕಾಫಿ ತೆಗೆದುಕೊಂಡು ಹೋದವಳು ಆ ನೀಲಿ ಡ್ರಮ್ಮನ್ನೇ ನೋಡುತ್ತ ನಿಂತೆ.

“ಮಾವ, ಹೋದ ವರ್ಷ ಎಷ್ಟು ಬಳ್ಳಿ ಸತ್ತಿತ್ತು?”

“ತೋಟದ ಈ ಪಟ್ಟೀಲಿ ನಾಲ್ಕೈದು.”

“ಸ್ಪ್ರೇ ಹೊಡೆದೂ?”

“ಹೊಡೆದೂ. ಹೊಡೀದೇ ಇದ್ದಿದ್ರೆ ಇನ್ನೂ ಹತ್ತು ಹೋಗ್ತಿತ್ತು.”

“ಹಂಗಾದ್ರೆ ಆ ಹತ್ತಕ್ಕೆ ಮಾತ್ರ ಹೊಡೀರಿ. ಉಳಿದದ್ದಕ್ಕೆಲ್ಲ ಯಾಕೆ ದಂಡ? ಅವು ಶುದ್ಧವಾಗೇ ಇದ್ದಾವಲ್ಲ?”

ಇವಳಿಗೆ ಬಯಾಲಜಿ ಪಾಠ ಹೇಳಲು ಯಾವ ಪುಣ್ಯಾತ್ಮ ಕೆಲಸ ಕೊಟ್ಟಿದ್ದ ಎನ್ನುವ ಹಾಗೆ ಮಾವ ನನ್ನನ್ನು ನೋಡಿದರು. “ಅಲ್ಲಮ್ಮ, ಯಾವ ಬಳ್ಳಿಗೆ ಬರ್ತದೆ ಅಂತ ಮೊದಲೇ ಗೊತ್ತಿದ್ರೆ ನಾನ್ಯಾಕೆ ಈ ಸುಣ್ಣ ಕಲಸ್ತಾ ನಿಂತ್ಕೊತಿದ್ದೆ? ಗೊತ್ತಾಗಲ್ಲ ಅಂತ್ಲೇ ಎಲ್ಲದಕ್ಕೂ...”

ಅಲ್ಲಿಗೆ ನಿಲ್ಲಿಸಿದರು. ಬಾಯಿ ಬಿಡದೆ ಅಷ್ಟು ಹೊತ್ತು ನಾನು ನಿಂತದ್ದು ಆ ತೋಟಕ್ಕೆ ಸೊಸೆಯಾಗಿ ಬಂದ ಮೇಲೆ ಅದೇ ಮೊದಲು. ಸುಬ್ಬನೂ ಕೋಲು ನಿಲ್ಲಿಸಿ ನಮ್ಮಿಬ್ಬರ ಮುಖ ನೋಡತೊಡಗಿದ. “ನೀನೇನೋ ನೋಡೋದು, ಕಲಕೋ ಸುಮ್ನೆ!” ಎಂದು ಮಾವ ಅವನಿಗೆ ಗದರಿ, ಕಾಫಿಯನ್ನು ಕುಡಿಯದೆ ಮನೆಯ ಕಡೆ ನಡೆದರು.

ಅರ್ಧ ಗಂಟೆಯ ಮೇಲೆ ನಾನು ಮೇಜಿಗೆ ಬಂದರೆ ಕೆಂಪು ಪೆನ್ಸಿಲ್ ಹಿಡಿದು ನನ್ನ ಕುರ್ಚಿಯಲ್ಲೇ ಕೂತಿದ್ದರು. “ಇದು ಬೋರರ್ ಅಲ್ಲ ಕಣಮ್ಮ, ಸೊರಗು ರೋಗ. ಸೊರಗು ರೋಗಕ್ಕೆ ನೀನು ಬೋರರ್ ನಕ್ಷೆ ಬರ್ದಿದ್ದೀಯ. ಪೇಪರ್ ಕೊಡು.”

ಹತ್ತು ಸಾಲು, ಸಾಲಿಗೆ ಹತ್ತು ಮೆಣಸಿನ ಬಳ್ಳಿ. ಒಂದೊಂದಕ್ಕೂ ಎರಡೆರಡು ಎಲೆ ಬೇರೆ. ಮುಗಿಯುವ ಹೊತ್ತಿಗೆ ರೊಟ್ಟಿ ತಣ್ಣಗಾಗಿತ್ತು. ಆಮೇಲೆ ಏಳು ಬಳ್ಳಿಗೆ ಕೆಂಪು ಹಚ್ಚಿದರು, ಒಂದು ಅಲ್ಲಿ, ಒಂದು ಇಲ್ಲಿ, ಇಡೀ ಹಾಳೆಯ ಮೇಲೆ ಚೆಲ್ಲಿದ ಹಾಗೆ. ಇನ್ನೊಂದು ಹಾಳೆಯಲ್ಲಿ ಮತ್ತೆ ನೂರು, ಅದೇ ಏಳರಲ್ಲಿ ನಾಲ್ಕಕ್ಕೆ ಕೆಂಪು, ಉಳಿದ ಮೂರಕ್ಕೆ ಹಸಿರು. ಈ ಸಲ ನಾನು ಯಜಮಾನಿಕೆ ಗಿಜಮಾನಿಕೆ ನೋಡಲಿಲ್ಲ.

“ಮಾವ, ಈಗ ನಿಮ್ಮ ಮಾತಲ್ಲಿ ಹೇಳಿ.”

ಅಡುಗೆ ಮನೆಯ ಬಾಗಿಲಲ್ಲಿ ಅತ್ತೆ “ಅಯ್ಯೋ ಶಿವನೇ” ಎಂದು ಬಾಯಿ ಮುಚ್ಚಿಕೊಂಡರು. ಮಾವ ಮಾತ್ರ ಪೆನ್ಸಿಲ್ಲಿನ ತುದಿಯಿಂದ ತೋರಿಸುತ್ತ ಶುರುಮಾಡಿದರು. “ನೂರು ಬಳ್ಳೀಲಿ ತೊಂಬತ್ಮೂರಕ್ಕೆ ಸ್ಪ್ರೇ ದಂಡ, ಅವು ಹೆಂಗೂ ಇರ್ತಿದ್ವು. ಈ ಮೂರು ಸ್ಪ್ರೇಯಿಂದ ಉಳಿದ್ವು. ಯಾವ ಮೂರು ಅಂತ ನಮಗೂ ಗೊತ್ತಾಗಲ್ಲ, ಆ ಮೂರಕ್ಕೂ ಗೊತ್ತಾಗಲ್ಲ. ಈ ನಾಲ್ಕು...” ಪೆನ್ಸಿಲ್ ಅಲ್ಲೇ ನಿಂತಿತು. “ಈ ನಾಲ್ಕು ನಿನ್ನ ಹಳೇ ಚಿತ್ರದಲ್ಲೂ ಇತ್ತಾ?”

“ಇತ್ತು ಮಾವ.”

“ಇವರು ಮಾತ್ರೆ ತಗೊಂಡೋರು?”

“ತಗೊಂಡೋರು. ದಿನಾ ತಗೊಂಡ್ರೂ ಕೆಲವರಿಗೆ ಬರ್ತದೆ.”

ಮಾವ ಆ ನಾಲ್ಕು ಬಳ್ಳಿಯನ್ನೂ ಪೆನ್ಸಿಲ್ಲಿನ ತುದಿಯಿಂದ ಒಂದೊಂದಾಗಿ ಮುಟ್ಟಿದರು. “ಅಣ್ಣ ಒಂದು ದಿನ ತಪ್ಪಿಸಿರ್ಲಿಲ್ಲ. ಸಂತೆಯಿಂದ ಮಾತ್ರೆ ತಂದು ಡಬ್ಬಿಗೆ ತುಂಬ್ತಿದ್ದೋನು ನಾನು, ವಾರಕ್ಕೊಂದ್ಸಲ ಖಾಲಿ ಡಬ್ಬಿ ನೋಡ್ತಿದ್ದೋನು ನಾನು. ಬಿದ್ದ ಮೇಲೆ ಎಲ್ಲರೂ ತಪ್ಪಿಸ್ದ ಅಂದ್ರು. ಊರೋರಂದ್ರು, ಆಸ್ಪತ್ರೇಲಂದ್ರು, ಇವಳೂ ಅಂದ್ಲು. ಮಾತ್ರೆ ತಗೊಂಡ್ರೆ ಬರಲ್ಲ ಅಂತ ಹೇಳಿದ್ರು, ಬಂತು. ಅಂದ್ಮೇಲೆ ಒಂದೋ ನಮ್ಮಣ್ಣ ಸುಳ್ಳ, ಇಲ್ಲ ಮಾತ್ರೆ ಸುಳ್ಳು. ನಮ್ಮಣ್ಣ ಸುಳ್ಳ ಅಲ್ಲ ಅಂತ ನನಗೆ ಗೊತ್ತಿತ್ತು. ಆದ್ರೂ ಇವಳ ಬಾಯಿಗೆ ಹೆದರಿ ನುಂಗ್ತಿದ್ದೆ, ನಿನ್ನ ಚಿತ್ರ ಸಿಕ್ಕಿದ್ದೇ ನೆಪ ಆಯ್ತು.”

ಕಾಫಿ ಲೋಟದ ಪಕ್ಕ ನಾನು ಇಟ್ಟ ಆ ದಪ್ಪ ಅಕ್ಷರದ ನಲವತ್ತಮೂರು ನೆನಪಾಯಿತು. ಅದರಲ್ಲಿ ಈ ನಾಲ್ಕು ಜನ ಎಲ್ಲೂ ಇರಲಿಲ್ಲ. ಅಂಥ ಕಾಗದಗಳನ್ನೇ ಎಲ್ಲರೂ ತೋರಿಸಿ ತೋರಿಸಿ, ಸತ್ತ ಮನುಷ್ಯನನ್ನು ಸುಳ್ಳ ಮಾಡಿದ್ದೆವು.

“ಎರಡೂ ಸುಳ್ಳಲ್ಲ ಮಾವ” ಎಂದೆ.

ಅತ್ತೆ ಬಾಗಿಲಿನಿಂದ ಈಚೆ ಬಂದರು. ಸೆರಗು ಬಾಯಿಗೆ ಒತ್ತಿಕೊಂಡಿದ್ದರು. “ನಾನೂ ಅಂದೆ. ಅವರ ಬಾಯಿ ಒರೆಸ್ತಾ ಒರೆಸ್ತಾ ಮುಖದ ಮೇಲೇ ಅಂದೆ, ಮಾತ್ರೆ ನೆಟ್ಟಗೆ ತಗೊಂಡಿದ್ರೆ ನಿಮಗೂ ಹಿಂಗಾಗ್ತಿರ್ಲಿಲ್ಲ, ನನಗೂ ಈ ಪಾಡು ತಪ್ತಿತ್ತು ಅಂತ. ಅವರು ತಲೆ ಆಡಿಸ್ತಿದ್ರು, ಹಿಂಗೆ, ಹಿಂಗೆ. ಹೂಂ ಅಂತಿದ್ದಾರೆ ಅಂದ್ಕೊಂಡಿದ್ದೆ. ಪಾಪ, ಇಲ್ಲ ಅಂತಿದ್ರೇನೋ. ಮಾತು ಬರ್ತಿರ್ಲಿಲ್ವಲ್ಲ ಅವರಿಗೆ.”

ಮಾವ ಕಣ್ಣೊರೆಸಿಕೊಂಡು, ನಾಲ್ಕು ಕೆಂಪು ಬಳ್ಳಿಗಳಲ್ಲಿ ಒಂದರ ಬುಡಕ್ಕೆ ಸಣ್ಣದೊಂದು ಗೀಟು ಹಾಕಿದರು. ಆಮೇಲೆ ಅತ್ತೆಯ ಕಡೆ ಅಂಗೈ ಚಾಚಿದರು. ಅತ್ತೆ ಮಾತ್ರೆ ಹಾಕಿದರು, ನೀರು ಕೊಟ್ಟರು, ಕುಡಿದಾದ ಮೇಲೆ “ಆ ಅನ್ನಿ” ಎಂದರು. ಅರವತ್ತೊಂಬತ್ತು ವರ್ಷದ ಯಜಮಾನರು ಸೊಸೆಯ ಮುಂದೆ ಬಾಯಿ ಅಗಲಿಸಿ, ನಾಲಗೆ ಎತ್ತಿ ತೋರಿಸಿದರು. ಅಷ್ಟಕ್ಕೂ ಸಮಾಧಾನವಾಗದೆ ಅತ್ತೆ ಕೋಟಿನ ಜೇಬನ್ನೂ ತಡವಿದರು.

ಪುಟ ಹೊಸದಾಗಿ ಏರಿತು. ಗೊಂಬೆ ಹೋಗಿ ಬಳ್ಳಿ ಬಂತು. ಅನುಶ್ರೀ ಎರಡು ತಕರಾರು ತೆಗೆದಳು. ಒಂದು, ಆ ಗೀಟು ಏನು, ಅಳಿಸಿ ಎಂದು. ಚಿತ್ರಕಾರರು ಒಪ್ಪುವುದಿಲ್ಲ ಎಂದೆ. ಇನ್ನೊಂದು, ಕೊನೆಯಲ್ಲಿ ಅತ್ತೆ ಪಟ್ಟು ಹಿಡಿದು ಸೇರಿಸಿದ ಎರಡು ವಾಕ್ಯ. ‘ಮಾತ್ರೆ ತೆಗೆದುಕೊಳ್ಳುತ್ತಿದ್ದವರಿಗೂ ಪಾರ್ಶ್ವವಾಯು ಬರಬಹುದು. ಬಂದರೆ ಅವರನ್ನು ಬೈಯಬೇಡಿ.’ ಅದರಲ್ಲಿ ಎರಡನೆಯ ವಾಕ್ಯಕ್ಕೆ ಯಾವ ಸಂಶೋಧನೆಯ ಆಧಾರವಿದೆ ಎಂದು ಕೇಳಿದಳು. ನಮ್ಮತ್ತೆಯ ನಂಬರ್ ಕೊಡುತ್ತೇನೆ, ನೀನೇ ಕೇಳು ಎಂದೆ. ವಾಕ್ಯ ಉಳಿಯಿತು.

ಮಾವನ ಬಿಪಿ ಈಗ ನೂರಾ ನಲವತ್ತರ ಆಸುಪಾಸಿನಲ್ಲಿದೆ. ಅವರು ಉಳಿಯುವ ಮೂವರಲ್ಲಿ ಒಬ್ಬರೋ, ದಂಡಕ್ಕೆ ನುಂಗುವ ತೊಂಬತ್ತಮೂರರಲ್ಲಿ ಒಬ್ಬರೋ, ಆ ನಾಲ್ವರಲ್ಲಿ ಒಬ್ಬರೋ ನನಗೆ ಗೊತ್ತಿಲ್ಲ.

ಕಳೆದ ಶನಿವಾರ ಅತ್ತೆಯ ಜೊತೆ ಸಂತೆಗೆ ಹೋಗಿದ್ದೆ. ನನ್ನ ವಿಷಯ ಇನ್ನೂ ಯಾರಿಗೆ ಹೇಳುವುದು ಬಾಕಿಯಿದೆಯೋ ಎಂದು ಮೊದಲೇ ಮುಖ ಗಂಟು ಹಾಕಿಕೊಂಡಿದ್ದೆ. ಅತ್ತೆ ಸೊಪ್ಪಿನವಳ ಮುಂದೆ ನಿಂತರು, ಒಣಮೀನಿನವನ ಎದುರಿಗಿನ ಬಳೆ ಅಂಗಡಿಯಲ್ಲಿ ನಿಂತರು, ಗಿರಣಿಯವನ ಹೆಂಡತಿಯನ್ನು ಬಸ್ ಹತ್ತಲು ಬಿಡದೆ ಸೆರಗು ಹಿಡಿದು ನಿಲ್ಲಿಸಿದರು. ಎಲ್ಲ ಕಡೆಯೂ ಅದೇ ದೊಡ್ಡ ಗಂಟಲಿನಲ್ಲಿ ಒಂದೇ ಮಾತು ಹೇಳುತ್ತಿದ್ದರು: “ನಮ್ಮ ದೊಡ್ಡ ಭಾವನೋರು ಮಾತ್ರೆ ತಪ್ಪಿಸಿರ್ಲಿಲ್ಲ ಕಣೇ. ಆಗ ನಾನು ಹೇಳಿದ್ದೆನಲ್ಲ, ಅದು ಸುಳ್ಳು.”